ನಸೀರುದ್ದೀನ್ ಶಾ ಚರ್ಚೆ: ದಯವಿಟ್ಟು ಎಲ್ಲರೂ ಓದಿ

ಗೆಳೆಯರೇ, ನಿನ್ನೆ ರಾತ್ರಿಯಿಂದ ನಟ ನಸೀರುದ್ದೀನ್ ಶಾ ಅವರ ಹಳೇ ಮಾತೊಂದರ ಬಗ್ಗೆ ಇಲ್ಲಿ ಜಗಳ ಜಾಸ್ತಿ ಆಗಿದೆ. 1970ರ ದಶಕದಲ್ಲಿ ಹಿಂದಿ ಸಿನಿಮಾ ಮಟ್ಟ ಇಳಿಯಲು ರಾಜೇಶ್ ಖನ್ನಾ ಕಾರಣ ಅಂತ ಅವರು ಹೇಳಿದ್ದು 2016ರಲ್ಲಿ, ಖನ್ನಾ ತೀರಿಕೊಂಡು ನಾಲ್ಕು ವರ್ಷ ಆದ ಮೇಲೆ. ಉತ್ತರ ಕೊಡಲಾಗದವರನ್ನು ಹೀಗೆ ಟೀಕಿಸೋದು ಸರಿಯಲ್ಲ ಅಂತ ಖನ್ನಾ ಮಗಳು ಟ್ವಿಂಕಲ್ ಟ್ವಿಟರ್‌ನಲ್ಲಿ ಬರೆದರು, ಆಮೇಲೆ ಶಾ ಕ್ಷಮೆಯನ್ನೂ ಕೇಳಿದರು. ಆ ಕೊನೆ ಭಾಗ ಬಿಟ್ಟು ಸುಮ್ನೆ ಅರ್ಧ ಸುದ್ದಿ ಹಂಚಬೇಡಿ. 'ಸ್ಪರ್ಶ್' ಸಿನಿಮಾದಲ್ಲಿ ಕಣ್ಣು ಕಾಣದ ಪ್ರಿನ್ಸಿಪಾಲ್ ಆಗಿ ನಟಿಸಿ ರಾಷ್ಟ್ರಪ್ರಶಸ್ತಿ ಪಡೆದವರು ಶಾ, ನಟನೆ ಬಗ್ಗೆ ಖಾರವಾಗಿ ಮಾತಾಡುವ ಹಕ್ಕು ಖಂಡಿತ ಇದೆ. ಆದರೆ ಸತ್ತವರ ವಿಷಯದಲ್ಲಿ ನನಗೆ ಮಗಳ ಮಾತೇ ಸರಿ ಅನಿಸುತ್ತದೆ. ಒಪ್ಪದಿದ್ದರೆ ಬರೆಯಿರಿ, ನಟನೆ ಬಗ್ಗೆ ಮಾತ್ರ. ಧರ್ಮ ಎಳೆದು ತಂದ ಮೆಸೇಜ್‌ಗಳನ್ನು ಅಳಿಸುತ್ತೇನೆ.