ಪಾಲಿಗೆ ಬರುವವರು ಖರ್ಚಿಗೂ ಬರಲಿ

ಮಾನ್ಯ ಸಂಪಾದಕರೇ,

ಅಪ್ಪ ಅಮ್ಮನನ್ನು ವೃದ್ಧಾಶ್ರಮಕ್ಕೆ ಬಿಟ್ಟ ಮಕ್ಕಳನ್ನು ಬೈಯುವ ಪತ್ರಗಳು ಆಗಾಗ ಬರುತ್ತಿರುತ್ತವೆ. ಬೈಯಲಿ, ಬೇಡ ಅನ್ನುವುದಿಲ್ಲ. ಆದರೆ ಮಕ್ಕಳೇ ಇಲ್ಲದವರು ಹಾಸಿಗೆ ಹಿಡಿದರೆ ಖರ್ಚು ಯಾರದು?

ನಮ್ಮ ದೊಡ್ಡಮ್ಮನಿಗೆ ತಿಪಟೂರು ಕಡೆ ಗಂಡನಿಂದ ಬಂದ ತೆಂಗಿನ ತೋಟ ಇದೆ. ಮಕ್ಕಳಿಲ್ಲ. ಬಿದ್ದು ಸೊಂಟ ಮುರಿದ ಮೇಲೆ ತುಮಕೂರಿನ ನಮ್ಮ ಮನೆಯಲ್ಲೇ ಇದ್ದಾರೆ. ಆಪರೇಷನ್ ಆಯುಷ್ಮಾನ್ ಕಾರ್ಡಿನಲ್ಲಿ ಆಯಿತು, ಅದನ್ನು ಒಪ್ಪಬೇಕು. ಆದರೆ ಆ ಕಾರ್ಡ್ ನಡೆಯುವುದು ಆಸ್ಪತ್ರೆಯಲ್ಲಿ ಮಾತ್ರ. ಮನೆಗೆ ಬಂದ ಮೇಲೆ ಡೈಪರ್, ಬೆನ್ನು ಹುಣ್ಣಾಗದಂತೆ ಗಾಳಿ ಹಾಸಿಗೆ, ನೋಡಿಕೊಳ್ಳುವ ಹೆಂಗಸಿನ ಸಂಬಳ, ಎಲ್ಲಾ ನಮ್ಮ ಜೇಬಿನಿಂದಲೇ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ, ಡೈಪರಿಗೂ ಸಾಲದು.

ಆಶ್ರಮಗಳನ್ನೂ ನೋಡಿದೆವು. ಒಂದು ಕಡೆ ಫಾರಂನಲ್ಲೇ ‘ತಾವಾಗಿ ಎದ್ದು ಬಾತ್‌ರೂಮಿಗೆ ಹೋಗುವವರಿಗೆ ಮಾತ್ರ’ ಅಂತ ಅಚ್ಚು ಹಾಕಿಸಿದ್ದರು. ಹಾಗೆ ಓಡಾಡುವಂತಿದ್ದರೆ ನಾವು ಅಲ್ಲಿಗೆ ಯಾಕೆ ಹೋಗುತ್ತಿದ್ದೆವು? ಹಾಸಿಗೆ ಹಿಡಿದವರನ್ನು ಸೇರಿಸಿಕೊಳ್ಳುವ ಇನ್ನೊಂದು ಕಡೆ ತಿಂಗಳ ದರ ಕಡಿಮೆಯೇ ಹೇಳಿದರು, ಕೂತು ಮಾತಾಡಿದ ಮೇಲೆ ಅಡ್ವಾನ್ಸ್ ಬೇರೆ, ಡೈಪರ್ ಬೇರೆ, ಔಷಧಿ ಬೇರೆ, ಆಸ್ಪತ್ರೆಗೆ ಸೇರಿಸಿದರೆ ಜೊತೆಗಿರುವವರ ಕೂಲಿ ಬೇರೆ ಅಂತ ಒಂದೊಂದೇ ಹೊರಗೆ ಬಂತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಲ್ವಾ, ರಾತ್ರಿ ಎಷ್ಟು ಜನ ಇರುತ್ತೀರಿ ಅಂದರೆ ಉತ್ತರ ಇಲ್ಲ. ಅಲ್ಲಿ ಮಲಗಿದ್ದ ಅಜ್ಜಿಯೊಬ್ಬರ ಕಾಲಿನ ಉಗುರು ಕತ್ತರಿಸದೆ ಬೆರಳಿನೊಳಕ್ಕೆ ಬಾಗಿತ್ತು. ಸುಮ್ನೆ ವಾಪಸ್ ಬಂದೆವು.

ಈಗ ತೋಟದ ವಿಷಯ. ಕಾಯಿ ಇಳಿಸುವುದಕ್ಕೆ, ಕೊಬ್ಬರಿ ಹರಾಜಿಗೆ ಹಾಕುವುದಕ್ಕೆ ದೊಡ್ಡಮ್ಮನ ಮೈದುನನ ಮಕ್ಕಳು ತಪ್ಪದೆ ಬರುತ್ತಾರೆ. ದುಡ್ಡೂ ಅವರ ಹತ್ತಿರವೇ. ದೊಡ್ಡಮ್ಮ ವಿಲ್ ಬರೆಯದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಆ ತೋಟ ಗಂಡನ ಕಡೆಯವರಿಗೇ ಹೋಗುತ್ತದೆ. ಹೋಗಲಿ, ನಮಗೆ ಅದರ ಆಸೆ ಇಲ್ಲ. ಖರ್ಚು ಕೇಳಿದರೆ ಮಾತ್ರ ‘ನಿಮ್ಮ ದೊಡ್ಡಮ್ಮ ಅಲ್ವಾ’ ಅನ್ನುತ್ತಾರೆ!

2007ರ ಹಿರಿಯ ನಾಗರಿಕರ ಕಾಯ್ದೆ ಹಾಗೆ ಹೇಳುವುದಿಲ್ಲ. ಮಕ್ಕಳಿಲ್ಲದ ಹಿರಿಯರ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯುವ ವಾರಸುದಾರರು ಅನುಕೂಲಸ್ಥರಾಗಿದ್ದರೆ ಆ ಹಿರಿಯರ ಖರ್ಚು ನೋಡಿಕೊಳ್ಳಬೇಕು, ಒಬ್ಬರಿಗಿಂತ ಜಾಸ್ತಿ ಇದ್ದರೆ ಯಾರಿಗೆ ಎಷ್ಟು ಪಾಲೋ ಅಷ್ಟು. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿ ಅಂದರೆ ಎ.ಸಿ. ಸಾಹೇಬರಿಗೆ. ಹಿರಿಯರಿಗೆ ಓಡಾಡಲು ಆಗದಿದ್ದರೆ ಅವರು ಒಪ್ಪಿದವರು ಕೊಡಬಹುದು. ತಿಂಗಳಿಗೆ 10,000 ರೂಪಾಯಿಯ ಮಿತಿ ಇದೆ. ಇವತ್ತಿನ ರೇಟಿಗೆ ಅದು ಕಡಿಮೆಯೇ, ಸರ್ಕಾರ ಏರಿಸಬೇಕು.

ನಾವು ಅರ್ಜಿ ಬರೆಸುತ್ತಿದ್ದೇವೆ. ಈ ಕಾಯ್ದೆಯ ವಿಷಯ ನಮ್ಮ ಕಡೆ ಹಳ್ಳಿಗಳಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಜಿಲ್ಲಾಡಳಿತ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಪ್ರತಿ ನಾಡಕಚೇರಿಯ ಗೋಡೆಗೆ ಅಂಟಿಸಲಿ. ಪಹಣಿಗೆ ಕ್ಯೂ ನಿಲ್ಲುವವರು ಓದಿಕೊಳ್ಳಲಿ.

— ಒಬ್ಬ ಓದುಗಳು, ತುಮಕೂರು