ಹೃದಯ ತಪಾಸಣೆಗೆ ನಮ್ಮ ಮೈಗೊಪ್ಪುವ ಅಳತೆ ಬೇಕು

ಮಾನ್ಯ ಸಂಪಾದಕರೇ,

2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಮೇಲಿಂದ ಮೇಲೆ ಬಂದಾಗ, ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ತಪಾಸಣೆಗಾಗಿ ಸಾಲುಗಟ್ಟಿ ನಿಂತರು. ಆ ಆತಂಕ ಕ್ರಮೇಣ ತಣ್ಣಗಾಯಿತು. ಆದರೆ ದಕ್ಷಿಣ ಏಷ್ಯಾದವರಾದ ನಮ್ಮನ್ನು ಹೃದ್ರೋಗ ಬೇಗ ಹಿಡಿಯುತ್ತದೆ ಎಂಬುದು ಒಂದು ಜಿಲ್ಲೆಯ ಅಥವಾ ಒಂದು ವರ್ಷದ ಮಾತಲ್ಲ.

52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಮಾಹಿತಿಯಂತೆ, ಮೊದಲ ಹೃದಯಾಘಾತದ ವಯಸ್ಸು ನಮ್ಮವರಲ್ಲಿ ಸುಮಾರು 53, ಉಳಿದವರಲ್ಲಿ ಸುಮಾರು 59. ಧೂಮಪಾನ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಬ್ಬು, ಹೊಟ್ಟೆಯ ಬೊಜ್ಜು ಇವೇ ಎಲ್ಲೆಡೆಯೂ ಮುಖ್ಯ ಕಾರಣಗಳು. ನಮ್ಮಲ್ಲಿ ಅವು ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತವೆ. ಹಣೆಬರಹ ಎಂದು ಕೈಚೆಲ್ಲಿ ಕೂರಬೇಕಾಗಿಲ್ಲ ಎಂಬ ಧೈರ್ಯವೂ ಇದರಲ್ಲಿದೆ. ನಮ್ಮ ಬೆಂಗಳೂರಿನ ರೋಗಿಗಳನ್ನೇ ಪರೀಕ್ಷಿಸಿ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು, ಸಾಮಾನ್ಯ ಮಟ್ಟದೊಳಗೇ ಇದೆ ಎನ್ನುವ ರಕ್ತದ ಸಕ್ಕರೆಯೂ ಏರುತ್ತ ಹೋದಂತೆ ಹೃದಯಾಘಾತದ ಅಪಾಯ ಹೆಚ್ಚುತ್ತದೆ, ಹೊಟ್ಟೆಯ ಬೊಜ್ಜಿನ ವಿಷಯವೂ ಹಾಗೆಯೇ ಎಂದು ಆಗಲೇ ತೋರಿಸಿತ್ತು.

ಹೀಗಿದ್ದೂ, ತೂಕ ಮತ್ತು ಎತ್ತರದಿಂದ ಲೆಕ್ಕ ಹಾಕುವ ಬಿಎಂಐ 25ರೊಳಗಿದ್ದರೆ ಸಾಕು, ಎಲ್ಲ ಸರಿಯಿದೆ ಎಂದು ನಂಬಿದವರು ಬಹಳ. ನಮಗೆ ಅಪಾಯದ ಗೆರೆ 23ಕ್ಕೇ ಆರಂಭವಾಗುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಇದನ್ನು ಪ್ಯಾಂಟಿನ ಅಳತೆಯೆಂದು ತಿಳಿಯುವವರೇ ಹೆಚ್ಚು. ಹೊಟ್ಟೆ ಮುಂದೆ ಬಂದವರು ಪ್ಯಾಂಟನ್ನು ಅದರ ಕೆಳಗೆ ಕಟ್ಟುವುದರಿಂದ ದರ್ಜಿಯ ಟೇಪಿನಲ್ಲಿ 34 ಇಂಚು ಬಂದರೂ ನಿಜವಾದ ಸುತ್ತಳತೆ ಅದಕ್ಕಿಂತ ಹೆಚ್ಚಿರಬಹುದು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ ಅಳೆಯಬೇಕು. ಕೈಕಾಲು ಸಣಕಲಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಮೈಕಟ್ಟನ್ನು ನಾವು ‘ಸ್ವಲ್ಪ ಹೊಟ್ಟೆ ಬಂದಿದೆ’ ಎಂದು ಸಲುಗೆಯಿಂದ ಕಾಣುವುದು ನನಗೆ ನಿಜಕ್ಕೂ ಕಳವಳದ ಸಂಗತಿ.

ಸಾಮಾನ್ಯ ಕೊಲೆಸ್ಟ್ರಾಲ್ ಪರೀಕ್ಷೆಯಲ್ಲಿ ಕಾಣದ ಲಿಪೋಪ್ರೋಟೀನ್-ಎ ಎಂಬ, ಹೃದಯಾಘಾತದ ಅಪಾಯ ಹೆಚ್ಚಿಸುವ ಕೊಬ್ಬಿನ ಕಣವೂ ರಕ್ತದಲ್ಲಿದೆ. ಅದರ ಮಟ್ಟ ಬಹುಮಟ್ಟಿಗೆ ಹುಟ್ಟಿನಿಂದಲೇ ಬರುವುದರಿಂದ ಜೀವಮಾನದಲ್ಲಿ ಒಮ್ಮೆಯಾದರೂ ಅಳೆಸಿಕೊಳ್ಳಬೇಕು, ಕೊಬ್ಬಿನ ಮೊದಲ ಪರೀಕ್ಷೆ 18ನೇ ವಯಸ್ಸಿನಲ್ಲೇ ಆಗಬೇಕು ಎಂದು ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಸಲಹೆ ನೀಡಿದೆ.

ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಿರುವುದು ದೊಡ್ಡ ಕೆಲಸ. ಆದರೆ ಅದು ಎದೆನೋವು ಬಂದ ಮೇಲಿನ ನೆರವು. ಅದಕ್ಕೂ ಮುಂಚಿನದಾಗಿ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ ನಮೂನೆಯಲ್ಲಿ ಸೊಂಟದ ಅಳತೆಗೂ ಮನೆತನದ ಕಾಯಿಲೆಗೂ ಜಾಗವಿದೆ. ಅದು 30 ದಾಟಿದವರಿಗೆ ಮಾತ್ರ. ಬಾಡಿಗೆ ಮನೆಗಳನ್ನು ಬದಲಿಸುತ್ತ, ರಾತ್ರಿ ಪಾಳಿಯಲ್ಲಿ ದುಡಿಯುವ ಈ ನಗರದ ಯುವಜನರು ಆ ಲೆಕ್ಕಕ್ಕೆ ಸಿಗುವುದು ಕಷ್ಟ. ಸರ್ಕಾರದ ‘ನಮ್ಮ ಕ್ಲಿನಿಕ್’ಗಳಿಗೆ ಜ್ವರ, ಕೆಮ್ಮೆಂದು ಬರುವ 20 ದಾಟಿದವರಿಗೂ ಬಿಪಿ, ಸಕ್ಕರೆಯ ಜತೆಗೆ ಸೊಂಟದ ಅಳತೆಯನ್ನು ನೋಡುವುದಕ್ಕೆ ಒಂದು ಟೇಪು, ಎರಡು ನಿಮಿಷ ಸಾಕು. ಇನ್ನು, 50ರೊಳಗೆ ಹೃದಯಾಘಾತವಾದವರನ್ನು ಮನೆಗೆ ಕಳುಹಿಸುವಾಗ ಅವರ ಒಡಹುಟ್ಟಿದವರಿಗೂ ಮಕ್ಕಳಿಗೂ ಕೊಬ್ಬಿನ ಪರೀಕ್ಷೆ ಮಾಡಿಸಬೇಕೆಂದು ಬಿಡುಗಡೆ ಚೀಟಿಯಲ್ಲೇ ಕನ್ನಡದಲ್ಲಿ ಬರೆದುಕೊಡುವುದನ್ನು ಆರೋಗ್ಯ ಇಲಾಖೆಯು ಎಲ್ಲ ಆಸ್ಪತ್ರೆಗಳಿಗೂ ಕಡ್ಡಾಯಗೊಳಿಸಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಓದುಗ
ಬಸವನಗುಡಿ, ಬೆಂಗಳೂರು