ನೀನು ಕುರ್ಚಿಯಿಂದ ಎದ್ದ ಮೇಲೆ

ಪುಟ್ಟೀ,

ದೊಡ್ಡಪ್ಪನ ಆಶೀರ್ವಾದಗಳು. ಮನೆಯ ಸುದ್ದಿ ನಿನ್ನಮ್ಮ ಹೇಳಿರುತ್ತಾಳೆ, ಬಿಡು. ನಿನ್ನ ಕಾಗದದ ಒಂದು ಸಾಲು ನನ್ನ ನಿದ್ದೆ ಕೆಡಿಸಿತು: 'ನಾನು ಮೀಟಿಂಗಿಗೆ ಹೋದರೆ ಸೆಕ್ಷನ್ನಿನಲ್ಲಿ ಕೆಲಸ ನಿಂತೇ ಹೋಗುತ್ತೆ, ಇನ್ನೂ ಬಿಗಿ ಮಾಡಬೇಕೇನೋ.' ಕೆಲಸ ನಿಂತದ್ದಕ್ಕಿಂತ ಆ 'ಇನ್ನೂ ಬಿಗಿ' ಅನ್ನುವ ಮಾತಿಗೇ ನನಗೆ ದಿಗಿಲು.

ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಜೊತೆಗಾರರು 1939ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ: ಹುಡುಗರ ಗುಂಪುಗಳಿಗೆ ಬೇರೆ ಬೇರೆ ರೀತಿಯ ಮುಂದಾಳುಗಳನ್ನು ಕೊಟ್ಟು ನೋಡಿದರು. ಬರೀ ಆಜ್ಞೆ ಮಾಡುವವನ ಗುಂಪಿನ ಹುಡುಗರು ಅವನಿದ್ದಷ್ಟು ಹೊತ್ತು ಚೆನ್ನಾಗಿಯೇ ದುಡಿದರು, ಅವನು ಹೊರಗೆ ಹೋದ ಕೂಡಲೇ ಕೈಬಿಟ್ಟರು. ಕೇಳಿ, ಕೂಡಿ ನಡೆಸುವವನ ಗುಂಪು ಹೆಚ್ಚುಕಡಿಮೆ ಹಾಗೇ ಮುಂದುವರಿಸಿತು. ಏನೂ ಹೇಳದೆ ಬಿಟ್ಟವನದು ಅವನಿದ್ದಾಗಲೂ ಅಷ್ಟಕ್ಕಷ್ಟೆ. ಮಕ್ಕಳ ಮೇಲೆ ಮಾಡಿದ್ದು, ಆಫೀಸಿಗೆ ಸೀದಾ ತಂದು ಅಂಟಿಸುವ ಹಾಗಿಲ್ಲ. ಆದರೂ ನಿನ್ನ ಸಾಲು ಓದಿದಾಗ ಅದೇ ನೆನಪಾಯಿತು.

ಸರ್ಕಾರಿ ಕೆಲಸದಲ್ಲಿ ಸಂಬಳ ಏರಿಸುವುದು ನಿನ್ನ ಕೈಯಲ್ಲಿಲ್ಲ, ಮನೆಗೆ ಕಳಿಸುವುದೂ ಇಲ್ಲ. ಮೆಮೊ ಇದೆಯಲ್ಲ ಅಂತೀಯ. ಒಂದು ಮೆಮೊ ಕೊಟ್ಟು ನೋಡು: ಅಲ್ಲಿಯವರೆಗೆ ತಾವೇ ಮುಗಿಸುತ್ತಿದ್ದ ಕಡತಕ್ಕೂ 'ಆದೇಶಕ್ಕಾಗಿ ಮಂಡಿಸಿದೆ' ಅಂತ ಬರೆದು ನಿನ್ನ ಮೇಜಿಗೆ ತಳ್ಳುತ್ತಾರೆ. ತಪ್ಪಾದರೆ ಸಹಿ ನಿನ್ನದು ತಾನೆ! ಆಮೇಲೆ ನೀನು ಮೀಟಿಂಗಿಗೆ ಹೋದರೆ ಕೆಲಸ ನಿಲ್ಲದೆ ಇನ್ನೇನಾಗುತ್ತೆ? ಸೋಮಾರಿತನ ಅಂತ ನಿನಗೆ ಕಂಡದ್ದರಲ್ಲಿ ಅರ್ಧ ಇದೇ ಇರಬಹುದು.

ಯಾರೂ ಬಿಟ್ಟು ಹೋಗುತ್ತಿಲ್ಲವೆಂದು ಸಮಾಧಾನಪಡಬೇಡ. ಮನಸ್ಸಿದ್ದು ಉಳಿಯುವುದು, ಹಂಗಿಗೆ ಉಳಿಯುವುದು, ಬಿಟ್ಟರೆ ನಷ್ಟವೆಂದು ಉಳಿಯುವುದು ಬೇರೆ ಬೇರೆ ಅಂತ ಮೇಯರ್ ಮತ್ತು ಆಲೆನ್ ಎಂಬ ಸಂಶೋಧಕರು 1991ರಲ್ಲೇ ಬಿಡಿಸಿಟ್ಟಿದ್ದಾರೆ. ಮೂರನೆಯದಕ್ಕೆ ಖಾಯಂ ನೌಕರಿಯೇ ಸಾಕು. ನಿನ್ನಿಂದ ಬೆಳೆಯುವುದೋ ಬಾಡುವುದೋ ಮೊದಲನೆಯದು. ನಾನೂ ಬಿಗಿಯವನೇ ಆಗಿದ್ದೆ. ಅದರ ಕಥೆ ಈಗ ಬೇಡ.

ಕೇಳದೆ ಹೇಳುತ್ತಿದ್ದೇನೆ, ಬೇಸರಿಸಬೇಡ. ಒಂದು ವಾರ, ನಿನ್ನ ಹತ್ತಿರ ಬಂದ ಟಿಪ್ಪಣಿಗಳಲ್ಲಿ ಒಂದಕ್ಷರವೂ ತಿದ್ದದೆ ಸಹಿ ಹಾಕಿದ್ದೆಷ್ಟು ಅಂತ ಪೆನ್ಸಿಲ್ಲಿನಲ್ಲಿ ಗುರುತು ಮಾಡು. ಆ ಬಗೆಯ ಕಡತಗಳನ್ನು, ನಿಯಮ ಒಪ್ಪುವಷ್ಟರ ಮಟ್ಟಿಗೆ, ಕೆಳಗಿನವರ ಸಹಿಗೇ ಬಿಡು. ಬಾಯಿಮಾತಲ್ಲಿ ಬೇಡ, ಕಚೇರಿ ಆದೇಶವನ್ನೇ ಹೊರಡಿಸು. ಆಡಿಟ್ ಬಂದಾಗ ತೋರಿಸಲು ಕಾಗದವಿಲ್ಲದಿದ್ದರೆ ಯಾರೂ ಸಹಿ ಹಾಕುವುದಿಲ್ಲ. ವಾರಕ್ಕೆ ನಾಲ್ಕೈದು ಕಡತ ತೆಗೆದು ನೋಡಿದರೆ ಸಾಕು. ತಪ್ಪು ಸಿಕ್ಕರೆ ಒಬ್ಬರನ್ನೇ ಕರೆದು ಹೇಳು. ಕೊಟ್ಟದ್ದನ್ನು ಒಂದು ಸಲ ಕಿತ್ತುಕೊಂಡೆಯೋ, ಮರುದಿನ ಎಲ್ಲವೂ ನಿನ್ನ ಮೇಜಿಗೇ.

ಕಡತದ ಅಂಚಿಗೆ 'ಚರ್ಚಿಸಿ' ಅಂತಷ್ಟೇ ಗೀಚುವ ಚಾಳಿ ನಿನಗೂ ಬಂದಿದೆಯಾ? ಅವರು ನೀನು ಕರೆಯಲಿ ಅಂತ, ನೀನು ಅವರು ಬರಲಿ ಅಂತ, ಕಡತ ತಿಂಗಳುಗಟ್ಟಲೆ ಮಲಗುತ್ತೆ. ಯಾವ ಅಂಶ, ಯಾವತ್ತು, ಎಷ್ಟು ಗಂಟೆಗೆ ಅಂತ ಬರೆ.

ಇನ್ನೊಂದು. ಚುರುಕಾದವರ ಮೇಲೆಯೇ ಕೆಲಸ ಹೇರಬೇಡ, ಅವರೂ ನಿಧಾನ ಕಲಿಯುತ್ತಾರೆ. ವಿಲೇವಾರಿಯ ಸಂಖ್ಯೆ ಮಾತ್ರ ಕೇಳಿದರೆ ಸಲೀಸಾದವು ಮುಗಿದು ತೊಡಕಿನವು ತಳ ಸೇರುತ್ತವೆ. ಅತಿ ಹಳೆಯ ಬಾಕಿ ಎಷ್ಟು ದಿನದ್ದು ಅಂತಲೂ ಕೇಳು.

ಮತ್ತೆ ಅದೇ ಸಾಲಿಗೆ ಬರುತ್ತೇನೆ, ಬಿಡಲಾಗುತ್ತಿಲ್ಲ. ಮುಂದಿನ ಮೀಟಿಂಗ್ ಮುಗಿಸಿ ಬಂದಾಗ ಯಾರು ಖಾಲಿ ಕೂತಿದ್ದರು ಅಂತ ನೋಡುವ ಮೊದಲು, ಯಾವ ಕಡತ ಯಾರ ಸಹಿಗೆ ಕಾಯುತ್ತಿತ್ತು ನೋಡು. ನೋಡಿ ನನಗೆ ಬರೆ.

ನಿನ್ನ ದೊಡ್ಡಪ್ಪ